ಒಲೆ ಹಚ್ಚದ ಮನೆಯ ಹಾಡು

ಸೀಡಿ ಬಂದಿದೆ! ನನ್ನ ಮೊಮ್ಮಗಳು ಶೋಭಾಳ ಸೀಡಿ! ಮೊದಲ ಏಳು ಹಾಡು ಅವಳೂ ಅವಳ ಜೊತೆಯ ಹುಡುಗರೂ ಸೇರಿ ಹಾಡಿದ್ದು. ಎಂಟನೆಯದು, ಕಡೆಯದು, ನಾನು ಅತ್ತಿದ್ದು. ಹೌದು, ಅತ್ತಿದ್ದು. ಅದು ಬಾಯಿತಪ್ಪಿ ಬಂದ ಮಾತಲ್ಲ. ಹಾಡುವುದನ್ನು ಯಾರು ಬೇಕಾದರೂ ಮಾಡುತ್ತಾರೆ. ಸೀಡಿಯಲ್ಲಿ ಅತ್ತ ಅಜ್ಜಿ ನಿಮ್ಮ ಊರಲ್ಲಿ ಯಾರಾದರೂ ಇದ್ದರೆ ಹೇಳಿ, ಬಂದು ನಮಸ್ಕಾರ ಮಾಡಿ ಹೋಗುತ್ತೇನೆ.

ಬೆಳಿಗ್ಗೆ ಪೋಸ್ಟಿನವನು ತಂದುಕೊಟ್ಟ. ಅವನಿಗೆ ಕಾಫಿ ಕೊಟ್ಟೆ, ಮನೆಯಲ್ಲಿದ್ದ ನಿಪ್ಪಟ್ಟು ಕೊಟ್ಟೆ, ಕೂತುಕೋ ಕೇಳಿಸುತ್ತೇನೆ ಎಂದೆ. ಇನ್ನೂ ಅರ್ಧ ಹನಗೋಡಿಗೆ ಕಾಗದ ಹಂಚಬೇಕು ಎಂದು ನಿಪ್ಪಟ್ಟನ್ನು ಜೇಬಿಗಿಟ್ಟುಕೊಂಡು ಸೈಕಲ್ ಹತ್ತಿದ. ಇಂಥವರ ನಡುವೆ ಕಲಾವಿದರು ಬದುಕಬೇಕು ನೋಡಿ.

ಹೊದಿಕೆಯ ಮೇಲೆ ನಮ್ಮ ಬ್ಯಾರನ್ನಿನ ಫೋಟೋ. ಬ್ಯಾರನ್ ಎಂದರೆ ನಮ್ಮ ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೇಯಿಸುವ ಕಟ್ಟಡ. ಎತ್ತರದ ಗೋಡೆ, ಕಿಟಕಿ ಇಲ್ಲ, ಒಂದೇ ಬಾಗಿಲು, ಒಳಗೆ ಹಗಲಲ್ಲೂ ಕತ್ತಲೆ. ಸೊಪ್ಪಿನ ಕಾಲದಲ್ಲಿ ಅದಕ್ಕೆ ಬೆಂಕಿ ಹಾಕಿ ಕಾವಲು ಕೂರುತ್ತೇವೆ. ಉಳಿದ ತಿಂಗಳು ಅದು ಜೇಡಗಳ ಛತ್ರ. ಫೋಟೋದಲ್ಲಿ ಮಾತ್ರ ಮೋಡ ಕವಿದ ಆಕಾಶದ ಕೆಳಗೆ ಯಾರೋ ರಾಜ ಸತ್ತ ಕೋಟೆಯ ಹಾಗೆ ನಿಂತಿದೆ. ಗೋಡೆಗೆ ನಮ್ಮ ಸೊಸೆ ಜಯಮ್ಮ ತಟ್ಟಿದ ಬೆರಣಿಯೂ ಬಿದ್ದಿದೆ. ಅದನ್ನು ಹೊರದೇಶದವರು ಯಾವುದೋ ಹಳೆಯ ಶಿಲ್ಪ ಅಂದುಕೊಂಡಾರು. ಅಂದುಕೊಳ್ಳಲಿ.

ಮೇಲೆ ಸೀಡಿಯ ಹೆಸರು ಬರೆದಿದ್ದಾರೆ, ಸೀಗೆಮೆಳೆಯ ಮುಳ್ಳನ್ನು ಗಾಳಿಗೆ ಹರವಿದ ಹಾಗೆ. ನಾಲ್ಕನೇ ಕ್ಲಾಸಿನವಳು ನಾನು, ಎಷ್ಟು ತಿರುಗಿಸಿದರೂ ಒಂದು ಅಕ್ಷರ ದಕ್ಕಲಿಲ್ಲ. ನಾಚಿಕೆಯಾಯಿತು. ಬಿ.ಎ. ಓದಿದ ನನ್ನ ಮಗ ಸ್ವಾಮಿಯ ಕೈಗೆ ಕೊಟ್ಟೆ. ಅವನು ಕನ್ನಡಕ ಹಾಕಿದ, ತೆಗೆದ, ಬೆಳಕಿಗೆ ಹಿಡಿದ, "ಪ್ರಿಂಟು ಸರಿಯಾಗಿ ಬಂದಿಲ್ಲ" ಎಂದ. ಆಗ ಸಮಾಧಾನವಾಯಿತು. ಶೋಭಾಳೇ ಓದಿ ಹೇಳಿದಳು: "ಒಲೆ ಹಚ್ಚದ ಮನೆ."

ಇದು ಯಾವ ಜಾತಿಯ ಸಂಗೀತ ಎಂದು ನೀವು ಕೇಳುತ್ತೀರಿ. ನಾನೂ ಕೇಳಿದ್ದೆ. ಮೈಸೂರಿನಲ್ಲಿ ಕಾಲೇಜು ಮುಗಿಸಿ ಬಂದ ಹುಡುಗಿ ಕರೀ ಬಟ್ಟೆ, ಕರೀ ಉಗುರು, ಕಣ್ಣಿಗೆ ಕೂಸಿಗೆ ಹಚ್ಚುವಷ್ಟು ಕಾಡಿಗೆ ಮಾಡಿಕೊಂಡು ಬಸ್ಸಿಳಿದರೆ ಕೇಳದೆ ಇರುವುದು ಹೇಗೆ?

"ಗಾಥಿಕ್ ಡೂಮ್ ಮೆಟಲ್ ಅಂತಾರೆ ಅಜ್ಜಿ."

"ಅಂಗಂದ್ರೆ?"

"ಸಾವು, ಕತ್ತಲೆ, ದುಃಖ. ಎಲ್ಲಾನೂ ನಿಧಾನಕ್ಕೆ."

"ಅದ್ಕೆ ಮೈಸೂರ್ಗಂಟ ಓಗ್ಬೇಕಿತ್ತಾ ಕಣಮ್ಮಿ? ನಮ್ಮೂರಲ್ಲೇ ಸಿಕ್ತಿತ್ತಲ್ಲ!"

ಅವಳು ನಕ್ಕಳು. ಆ ನಗುವನ್ನು ಬೇರೆಯವರ ಮುಂದೆ ತೋರಿಸಬಾರದಂತೆ, ಫೋಟೋದಲ್ಲಿ ಯಾರೂ ಹಲ್ಲು ಬಿಡುವ ಹಾಗಿಲ್ಲವಂತೆ.

ಜೊತೆಗೆ ಮೂವರು ಹುಡುಗರು. ಮೂವರ ಕೂದಲೂ ನಮ್ಮ ಜಯಮ್ಮನ ಕೂದಲಿಗಿಂತ ಉದ್ದ, ಜಯಮ್ಮನಿಗೆ ಅದೊಂದು ಸಂಕಟ. ಗಿಟಾರಿನವನು ತೆನ್ಜಿನ್, ಗುರುಪುರದ ಟಿಬೆಟಿನವರ ಕ್ಯಾಂಪಿನವನು. ಕನ್ನಡ ನನಗಿಂತ ಶುದ್ಧವಾಗಿ ಮಾತಾಡುತ್ತಾನೆ. ಬೋಪಣ್ಣ ಕೊಡಗಿನವನು. ಅವನ ಕೆಲಸ ಗುಟುರು ಹಾಕುವುದು. ಶೋಭಾ ಇಂಪಾಗಿ ಎರಡು ಸಾಲು ಹಾಡುತ್ತಾಳೆ, ಅವನು ಹಿಂದಿನಿಂದ ಹುಲಿ ಹಿಡಿದ ಕೋಣದ ಹಾಗೆ ಎರಡು ಸಾಲು ಗುಟುರು ಹಾಕುತ್ತಾನೆ. ಅವನು ಮೊದಲ ಸಲ ಬಾಯಿ ತೆರೆದ ದಿನ ನಮ್ಮ ಎಮ್ಮೆ ಗೂಟ ಕಿತ್ತುಕೊಂಡು ಹೊಳೆ ಕಡೆಗೆ ಓಡಿತ್ತು. ಮೂರನೆಯವನು ಡ್ರಮ್ಮು ಬಡಿಯುವ ಮೈಸೂರಿನ ಹುಡುಗ. ಒಂದು ಪೆಟ್ಟು ಹಾಕಿ ಇನ್ನೊಂದು ಹಾಕುವಷ್ಟರಲ್ಲಿ ನಾನು ಒಂದು ಮೊರ ರಾಗಿ ಕೇರಿ ಮುಗಿಸುತ್ತಿದ್ದೆ. ಸಂಬಳಕ್ಕೆ ಇಟ್ಟುಕೊಂಡಿದ್ದರೆ ಆ ದಿನವೇ ಬಿಡಿಸಿ ಕಳಿಸುತ್ತಿದ್ದೆ.

ಸೀಡಿಯಲ್ಲಿರುವುದು ಬಿಡಿ ಹಾಡುಗಳಲ್ಲ, ಮೊದಲಿನಿಂದ ಕೊನೆಯವರೆಗೆ ಒಂದೇ ಕತೆ. ಅದಕ್ಕೆ ಕಾನ್ಸೆಪ್ಟ್ ಆಲ್ಬಂ ಎಂದು ದೊಡ್ಡ ಹೆಸರು. ಕತೆ ಇಷ್ಟು: ಹಿಮ ಬೀಳುವ ದೇಶದಲ್ಲಿ ಒಂದು ಕಲ್ಲಿನ ಕೋಟೆ. ಒಳಗೆ ಒಬ್ಬ ತಾಯಿ ಸಾಯುತ್ತಾ ಮಲಗಿದ್ದಾಳೆ. ದೂರದಲ್ಲಿರುವ ಮಗಳು ಸುದ್ದಿ ತಿಳಿದು ಹೊರಡುತ್ತಾಳೆ. ಏಳು ಹಾಡಿನ ಉದ್ದಕ್ಕೂ ಹಿಮದಲ್ಲಿ ನಡೆಯುತ್ತಾಳೆ. ಎಂಟನೆಯದರಲ್ಲಿ ತಲುಪುತ್ತಾಳೆ, ತಾಯಿ ಹೋಗಿಬಿಟ್ಟಿದ್ದಾಳೆ.

"ಏಳು ಆಡ್ನಗಂಟ ನಡುದ್ಲಾ? ಒಂದು ಬಸ್ಸೂ ಬರ್ನಿಲ್ವಾ?" ಎಂದೆ.

"ಅಜ್ಜಿ, ಅದು ನೂರಾರು ವರ್ಷದ ಹಿಂದೆ."

"ನೀನು ಹಿಮ ನೋಡಿದ್ದೆಲ್ಲಿ?"

"ಎಲ್ಲೂ ಇಲ್ಲ."

"ಐಸ್‌ಕ್ಯಾಂಡಿ ಡಬ್ಬದಲ್ಲಿ ನೀ ಚಿಕ್ಕೋಳಿದ್ದಾಗ ನೋಡಿದ್ದೆ ಬುಡು. ಕೈಬುಟ್ಟು ಅಲ್ಲಿಗೇ ಅಂಟ್ಕಂಡು ಅತ್ತಿದ್ದೆ."

ತೆನ್ಜಿನ್ ಮಾತ್ರ ಮೆಲ್ಲಗೆ, "ನಮ್ಮ ಅಜ್ಜಿ ನೋಡಿದಾರೆ ಅಜ್ಜಿ. ಟಿಬೆಟಿಂದ ಹಿಮದಲ್ಲಿ ನಡ್ಕೊಂಡೇ ಬಂದಿದ್ದು" ಎಂದ. ನಾನು ಎದ್ದು ಎಲ್ಲರಿಗೂ ಟೀ ಇಟ್ಟೆ.

ಈ ಸದ್ದನ್ನು ಮಾಡಲು ಅವರಿಗೆ ಜಾಗ ಬೇಕಿತ್ತು, ಮೈಸೂರಿನಲ್ಲಿ ಯಾವ ಓನರೂ ಇಟ್ಟುಕೊಳ್ಳಲಿಲ್ಲ. ಹಾಗಾಗಿ ಡಬ್ಬ, ವೈರು, ಕಂಪ್ಯೂಟರನ್ನೆಲ್ಲ ಒಂದು ಓಮ್ನಿಯಲ್ಲಿ ತುಂಬಿಕೊಂಡು ನಮ್ಮ ಖಾಲಿ ಬ್ಯಾರನ್ನಿಗೆ ಬಂದರು. ಕರೆಂಟು ಇದ್ದಾಗ ಹಿಮದಲ್ಲಿ ನಡೆಯುವುದು, ಹೋದಾಗ ಜಗಲಿಯಲ್ಲಿ ಕೂತು ನನ್ನ ಹತ್ತಿರ ಬೈಸಿಕೊಳ್ಳುವುದು. ಸ್ವಾಮಿ ಬೇಡ ಅನ್ನಲಿಲ್ಲ. ಅವರು ಬಂದ ಮೇಲೆ ಕಾಡಂಚಿನ ಆನೆ ನಮ್ಮ ಹೊಲದ ಕಡೆ ತಲೆ ಹಾಕಿರಲಿಲ್ಲ ಎನ್ನುವುದನ್ನು ಅವನು ಗಮನಿಸಿದ್ದ. ಆದರೆ ಮಗಳನ್ನು ಕರೆದು ಒಂದು ಮಾತು ಹೇಳಿದ.

"ಇಲ್ ಕೇಳಮ್ಮಿ. ಸೊಪ್ಪು ಮುರ್ಯೋಗಂಟ ಬ್ಯಾರನ್ನು ನಿಂದು. ಆಮ್ಯಾಕೆ ನಂದು. ಅಷ್ಟ್ರಲ್ಲಿ ಮುಗುಸುದ್ಯೋ, ನಿನ್ನ ದಾರೀಗೆ ನಾ ಅಡ್ಡ ಬರಾಕಿಲ್ಲ. ಮುಗೀನಿಲ್ವೋ, ಈ ಕರೀ ಬಟ್ಟೆನೆಲ್ಲ ಗಂಟು ಕಟ್ಟಿ ಬಿ.ಎಡ್ಡು ಸೇರ್ಕಬೇಕು. ಒಪ್ಪುದ್ಯಾ?"

"ಒಪ್ದೆ ಕಣಪ್ಪ."

ಸ್ವಾಮಿ ಕೊಟ್ಟ ಮಾತಿನಿಂದ ಅಲುಗುವವನಲ್ಲ. ಅವಳೂ ಅವನದೇ ಮಗಳು. ಹೊಲದಲ್ಲಿ ಎಲೆ ಬೆಳೆಯುತ್ತಲೇ ಇತ್ತು. ಏಳು ಹಾಡು ಮುಗಿಯಿತು. ಎಂಟನೆಯದು ಮಾತ್ರ ಬರಲೊಲ್ಲದು. ಶೋಭಾ ಒಂದು ಥರ ಹಾಡಿದಳು, ಸರಿಬರಲಿಲ್ಲ. ಇನ್ನೊಂದು ಥರ ಹಾಡಿದಳು, ಅದೂ ಇಲ್ಲ. ಬೋಪಣ್ಣ ಗುಟುರು ಹಾಕಿ ನೋಡಿದ. ತಾಯಿ ಸತ್ತಿದ್ದಕ್ಕೆ ಗುಟುರು ಹಾಕುತ್ತಾರೇನು ಎಂದು ಅವನಿಗೇ ಅನ್ನಿಸಿ ನಿಲ್ಲಿಸಿದ. ಮಗಳು ಕೋಟೆಯ ಬಾಗಿಲಿಗೆ ಬಂದು ನಿಂತಿದ್ದಾಳೆ, ಮುಂದೆ ಏನು ಮಾಡಬೇಕು ಎನ್ನುವುದು ನಾಲ್ವರಿಗೂ ತಿಳಿಯದು.

ಆಗ ಅವಳ ಕಣ್ಣು ನನ್ನ ಮೇಲೆ ಬಿತ್ತು. "ಅಜ್ಜಿ, ನೀನು ಅಳ್ತೀಯಾ?"

ನನ್ನ ಹೆಸರು ಅಂಥದ್ದು, ಏನು ಮಾಡುವುದು! ನಮ್ಮ ಕಡೆ ಸತ್ತವರ ಮುಂದೆ ಕೂತು ಸುಮ್ಮನೆ ಮೂಗು ಸೀಟಿದರೆ ಅದು ಅಳು ಅಲ್ಲ. ಹೋದವರ ಹೆಸರು ಹಿಡಿದು, ಉಟ್ಟಿದ್ದು, ಉಂಡಿದ್ದು, ಸಾಕಿದ ಹಸು, ನೆಟ್ಟ ಮರ ಎಲ್ಲವನ್ನೂ ಹಾಡಿಕೊಂಡು ಅಳಬೇಕು. ಅದನ್ನು ನಾನು ಕಲಿತದ್ದು ನಮ್ಮವ್ವನ ಸೆರಗು ಹಿಡಿದು ಸಾವಿನ ಮನೆಗಳಿಗೆ ಹೋಗಿ. ಚಿಕ್ಕವಳಿದ್ದಾಗ ಅಭ್ಯಾಸಕ್ಕೆಂದು ಸತ್ತ ಕೋಳಿಯ ಮುಂದೆ ಕೂತು, ಅದು ಇಟ್ಟ ಮೊಟ್ಟೆ, ಕೆದಕಿದ ತಿಪ್ಪೆಯನ್ನೆಲ್ಲ ಹೇಳಿಕೊಂಡು ಅತ್ತಿದ್ದೆ. ಮಧ್ಯಾಹ್ನ ಅದರದೇ ಸಾರು ಬಡಿಸಿಕೊಂಡು ಇನ್ನೊಂದು ಮುದ್ದೆ ಕೇಳಿದ್ದೆ. ಶಾಲೆಯಲ್ಲಿ ಮೇಷ್ಟ್ರು ಪ್ರಾರ್ಥನೆ ಹಾಡು ಎಂದರೆ ಗೊತ್ತಿದ್ದ ಒಂದೇ ಧಾಟಿಯಲ್ಲಿ ಹಾಡಿದೆ. ಪಕ್ಕದ ಮನೆಯವರು ಓಡಿ ಬಂದು, "ಮೇಷ್ಟ್ರಿಗೇನಾಯ್ತು?" ಎಂದರು. ನನ್ನ ವಿದ್ಯೆ ಅಲ್ಲಿಗೆ ನಿಂತದ್ದು ಕಾಕತಾಳೀಯ ಎಂದೇ ನಾನು ನಂಬಿದ್ದೇನೆ.

ಆಮೇಲೆ ಈ ಊರಿಗೆ ಸೊಸೆಯಾಗಿ ಬಂದೆ. ಇಲ್ಲಿ ಯಾರು ಸತ್ತರೂ ನನ್ನನ್ನು ಮುಂದೆ ಕೂರಿಸುತ್ತಿದ್ದರು. ನಮ್ಮ ಯಜಮಾನರು ಹೋದಾಗ ಅವರ ಗೊರಕೆಯನ್ನೂ ಬಿಡದೆ ಸೇರಿಸಿ ಅತ್ತೆ. ಪಕ್ಕದ ಮನೆಯ ಕೆಂಪಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು ಅಲ್ಲಾಡುತ್ತಿದ್ದಳು. ಪಾಪ, ದುಃಖ ತಡೆಯುತ್ತಿದ್ದಾಳೆ ಎಂದು ಬಂದವರೆಲ್ಲ ಅಂದುಕೊಂಡರು.

ಇಷ್ಟು ಹೆಸರಿದ್ದರೂ ನಾನು ಶೋಭಾಳಿಗೆ ಆಗದು ಎಂದೆ. ಸಾವಿಲ್ಲದ ಮನೆಯಲ್ಲಿ ಅಳುವ ಹಾಗಿಲ್ಲ. ಅತ್ತರೆ ಸಾವನ್ನು ಹೆಸರು ಹಿಡಿದು ಕರೆದ ಹಾಗೆ.

ನಾಳೆ ಸೊಪ್ಪು ಮುರಿಯುವುದು ಎನ್ನುವ ದಿನ. ಸೊಪ್ಪು ಕಟ್ಟುವ ಕಡ್ಡಿಗಳನ್ನು ತೊಳೆದು ಒಣಗಿಸಿದ್ದಾಯಿತು, ಆಳುಗಳಿಗೆ ಹೇಳಿದ್ದಾಯಿತು. ಹುಡುಗರು ವೈರು ಸುತ್ತತೊಡಗಿದ್ದರು. ನಾನು ಬ್ಯಾರನ್ನಿನ ನೆರಳಲ್ಲಿ ರಾಗಿ ಕೇರುತ್ತಿದ್ದೆ. ಶೋಭಾ ಬಂದು ಪಕ್ಕದಲ್ಲಿ ಕೂತಳು. ಅತ್ತಿದ್ದಳೋ ಏನೋ, ಆ ಕಾಡಿಗೆಯಲ್ಲಿ ತಿಳಿಯುವುದಿಲ್ಲ.

"ಅಜ್ಜಿ, ನಿಮ್ಮವ್ವ ಸತ್ತಾಗ ಏನಂತ ಅತ್ತೆ?"

ನನ್ನ ಮೊರ ನಿಂತಿತು.

"ಅಳ್ನಿಲ್ಲ."

"ಯಾಕೆ?"

"ನಿಮ್ಮಪ್ಪ ಉಟ್ಟಿದ್ದ."

ಮೊದಲ ಮಗಳ ಬಾಣಂತನ ತವರಲ್ಲಿ ಆಗಿತ್ತು, ಅವ್ವನೇ ಮಾಡಿದ್ದಳು. ಸ್ವಾಮಿ ಹುಟ್ಟಿದ್ದು ಇಲ್ಲಿ. ಹಸಿ ಬಾಣಂತಿ ನಾನು ಕೋಣೆಯಲ್ಲಿ ಮಲಗಿದ್ದಾಗ ಎಚ್.ಡಿ. ಕೋಟೆಯ ಕಡೆಯ ನನ್ನ ತವರಿನಿಂದ ಆಳು ಬಂದು ಬಾಗಿಲಲ್ಲಿ ಏನೋ ಹೇಳಿ ಹೋದ. ಬಾಣಂತಿ ಸಾವಿನ ಮನೆಗೆ ಕಾಲಿಡಬಾರದು. ಅಳಲೂ ಬಾರದು, ಹಾಲು ಬತ್ತುತ್ತದೆ ಎಂದು ನಮ್ಮತ್ತೆ ನನ್ನ ಬಾಯಿಯ ಮೇಲೆ ಕೈ ಇಟ್ಟು ಕೂತಿದ್ದರು. ಕೆಟ್ಟವರಲ್ಲ, ಅವರ ಕಣ್ಣಲ್ಲೂ ನೀರಿತ್ತು. ಊರಿನವರಿಗೆಲ್ಲ ಅತ್ತವಳು, ಕೋಳಿಗೂ ಅತ್ತವಳು, ಹೆತ್ತವಳಿಗೆ ಅಳಲಿಲ್ಲ. ನಾನು ಹೋಗುವ ಹೊತ್ತಿಗೆ ಒಲೆ ಹಚ್ಚಿದ್ದರು, ಅಣ್ಣನ ಹೆಂಡತಿ ಒಗ್ಗರಣೆ ಹಾಕುತ್ತಿದ್ದಳು. ಆ ಮನೆಯಲ್ಲಿ ಆಗಲೇ ಸಾವು ಮುಗಿದುಹೋಗಿತ್ತು.

ಶೋಭಾ ಬ್ಯಾರನ್ನಿನ ಗೋಡೆ ನೋಡುತ್ತಾ ಕೇಳಿದಳು: "ಅಜ್ಜಿ, ಈ ಬ್ಯಾರನ್ನು ಮನೆನಾ?"

ಯೋಚಿಸಿದೆ. ಅಲ್ಲಿ ದೇವರಿಲ್ಲ. ಯಾರೂ ಉಂಡಿಲ್ಲ, ಮಲಗಿಲ್ಲ, ಹೆತ್ತಿಲ್ಲ. ಈ ಹುಡುಗಿ ಬಿ.ಎಡ್. ಅಲ್ಲ, ಲಾಯರಿಗೆ ಓದಬೇಕಿತ್ತು.

"ಕರೆಂಟು ಇದ್ದದಾ ನೋಡು" ಎಂದೆ.

ಗೋಣಿತಾಟು ಹಾಸಿ ಕೂರಿಸಿದರು. ಕಿವಿಗೆ ಎರಡು ಕರೀ ಬಟ್ಟಲು ಮುಚ್ಚಿದರು, ನಾನು ಕಿತ್ತು ಎಸೆದೆ. ಮುಂದೆ ಏನೂ ಇಲ್ಲದೆ ಅಳು ಬರಲಿಲ್ಲ. ತೆನ್ಜಿನ್ ತನ್ನ ಗಿಟಾರಿನ ಉದ್ದನೆಯ ಪೆಟ್ಟಿಗೆಯನ್ನು ತಂದು ನನ್ನ ಮುಂದೆ ಮಲಗಿಸಿದ. ಜಯಮ್ಮ ನನ್ನ ಹಳೆಯ ಹೊದಿಕೆ ತಂದು ಅದರ ಮೇಲೆ ಹಾಸಿದಳು. ಹಳೆಸೀರೆಗಳನ್ನು ಸೇರಿಸಿ ಹೊಲಿದ ಹೊದಿಕೆ ಅದು, ಅಂಚಿನಲ್ಲಿ ನಮ್ಮವ್ವನ ಹಸಿರು ಸೀರೆಯ ಒಂದು ಪಟ್ಟಿ ಇದೆ. ಸೊಸೆಗೆ ಅದು ಗೊತ್ತಿತ್ತು ಎನ್ನುವುದು ನನಗೆ ಗೊತ್ತಿರಲಿಲ್ಲ.

"ಮೂಡ್ಲು ಬಾಗ್ಲ ತೆಗುದು ದಾರಿ ನೋಡ್ತಿದ್ದ್ಯಲ್ಲವ್ವಾ,
ಮಗಳು ಬತ್ತಾಳಂತ ಎಸರ ಇಳುಸ್ದೇ ಕುಂತ್ಯಲ್ಲವ್ವಾ,
ಕೂಸು ಎದೆ ಕಚ್ಚಿತ್ತಲ್ಲವ್ವಾ, ಎಂಗ್ ಬರ್ಲಿ ನನ್ನವ್ವಾ..."

ಅಷ್ಟು ನೆನಪಿದೆ. ಆಮೇಲೆ ನಾನು ಅಲ್ಲಿರಲಿಲ್ಲ. ಹಿಂದೆ ಆ ಡ್ರಮ್ಮಿನ ಹುಡುಗ ನಿಧಾನವಾಗಿ ಒಂದೊಂದೇ ಪೆಟ್ಟು ಹಾಕುತ್ತಿದ್ದ. ಸಂಬಳ ಕೊಟ್ಟು ಇಟ್ಟುಕೊಳ್ಳಬೇಕಾದ ಹುಡುಗ ಅವನು.

ಆದರೆ ಬುದ್ಧಿವಂತರು ಒಂದು ಮರೆತಿದ್ದರು. ನನ್ನ ದನಿ ಆ ದೊಡ್ಡ ಡಬ್ಬಗಳಿಂದಲೂ ಹೊರಡುತ್ತಿತ್ತು. ಬ್ಯಾರನ್ನು ಕಟ್ಟಿರುವುದು ಕಾವು ಹಿಡಿದಿಡಲಿಕ್ಕೆ, ಅಳು ಹಿಡಿದಿಡಲಿಕ್ಕಲ್ಲ. ಮೇಲಿನ ಗಾಳಿಕಿಂಡಿಯಿಂದ ಅದು ಲಕ್ಷ್ಮಣತೀರ್ಥ ಹೊಳೆಯ ಆಚೆ ದಡದವರೆಗೂ ಹೋಗಿತ್ತು. ನಮ್ಮೂರಲ್ಲಿ ಅಳು ಕೇಳಿದರೆ ಯಾರೂ ಏನಾಯಿತು, ಯಾರಿಗಾಯಿತು ಎಂದು ವಿಚಾರಿಸುತ್ತಾ ನಿಲ್ಲುವುದಿಲ್ಲ. ಬಂದುಬಿಡುತ್ತಾರೆ. ಗಂಡಸರು ಚಟ್ಟಕ್ಕೆ ಬಿದಿರು ಕಡಿಯಲು ಹೊರಡುತ್ತಾರೆ. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಲ್ಲ, ಅದಕ್ಕೆ ಹೆಂಗಸರು ತಮ್ಮ ಮನೆಯಲ್ಲಿ ಮುದ್ದೆಗೆ ಎಸರಿಟ್ಟು ಬರುತ್ತಾರೆ.

ಮೊದಲು ನುಗ್ಗಿದವಳು ಕೆಂಪಮ್ಮ. "ಅಯ್ಯೋ ನನ್ನಕ್ಕಾ, ಎಂಥಾ ಕೆಲ್ಸ ಆಗೋಯ್ತಕ್ಕಾ!" ಎಂದು ಎದೆ ಬಡಿದುಕೊಂಡು ಬಂದು ನನ್ನ ಪಕ್ಕ ಕುಕ್ಕರಿಸಿದಳು. ಪೆಟ್ಟಿಗೆಯಲ್ಲಿ ಯಾರಿದ್ದಾರೆ ಎಂದು ನೋಡಲಿಲ್ಲ, ನನ್ನ ಬಾಯಿಂದ ಸಾಲು ತೆಗೆದುಕೊಂಡು ತಾನೂ ಹಾಡತೊಡಗಿದಳು. ಹಿಂದೆ ಇನ್ನಷ್ಟು ಹೆಂಗಸರು. ಬ್ಯಾರನ್ನು ತುಂಬಿತು. ಹುಡುಗರು ಗೋಡೆಗೆ ಅಂಟಿಕೊಂಡು ನಿಂತರು. ನಿಲ್ಲಿಸಬೇಕು ಎಂದು ಒಬ್ಬರಿಗೂ ಹೊಳೆಯಲಿಲ್ಲ.

ಅಷ್ಟರಲ್ಲಿ ಹೊರಗಿನಿಂದ ಒಂದು ಕೂಗು.

"ಅವ್ವಾ... ಅವ್ವಾ..."

ಸ್ವಾಮಿ! ನಿಮ್ಮ ಮನೆಯಲ್ಲಿ ಅಳುತ್ತಿದ್ದಾರೆ ಎಂದು ರಸ್ತೆಯಿಂದ ಯಾರೋ ಕೂಗಿ ಹೇಳಿದ್ದರಂತೆ. ಹೊಲದಿಂದ ಹಾಗೇ ಓಡಿ ಬಂದಿದ್ದ. ಮೊಣಕಾಲವರೆಗೆ ಮಣ್ಣು, ಒಂದು ಕಾಲಲ್ಲಿ ಚಪ್ಪಲಿ. ನಾನು ಮಾತಾಡಿಸಿದರೆ ಹೂಂ, ಉಹೂಂ ಬಿಟ್ಟು ಮೂರನೆಯದು ಹೇಳದ ಮಗ, ಬಾಗಿಲು ಹಿಡಿದು ನಿಂತು ಎಳೆಗರುವಿನ ಹಾಗೆ ಅವ್ವಾ ಎನ್ನುತ್ತಿದ್ದ. ಅಳುತ್ತಿರುವವಳೇ ಅವ್ವ ಎಂದು ಬಿ.ಎ. ಓದಿದ ತಲೆಗೆ ಹೊಳೆದಿರಲಿಲ್ಲ.

ನನ್ನನ್ನು ಕಂಡ. "ನೀ... ನೀ ಇದ್ದೀಯಾ?"

"ಇಲ್ದಿದ್ರೆ ಇಷ್ಟು ಚೆಂದಾಗಿ ಅಳೋರು ಈ ಊರಲ್ಲಿ ಇನ್ಯಾರ್ಲಾ ಅವ್ರೆ?"

ಎಲ್ಲರ ಅಳು ಒಟ್ಟಿಗೆ ನಿಂತಿತು. ಕೆಂಪಮ್ಮ ಹೊದಿಕೆ ಎತ್ತಿ ನೋಡಿದಳು. ಪೆಟ್ಟಿಗೆಯ ಬಾಯಿ ತೆರೆದಳು. ಒಳಗೆ ಎರಡು ತಂತಿ, ಒಂದು ಬಾಚಣಿಗೆ.

"ಸಾವಿಲ್ದೇ ಅಳುಸ್ಬುಟ್ಟ್ಯಲ್ಲಕ್ಕಾ! ನಿಮ್ಮನೇಗೇಂತ ದೊಡ್ಡ ತಪ್ಪಲೇಲಿ ಎಸ್ರಿಟ್ಟು ಬಂದಿವ್ನಿ!"

"ಸಾವದೆ ಕಣ್ ಕೆಂಪಿ. ನಮ್ಮವ್ವ."

"ನಿಮ್ಮವ್ವನಾ? ಯಾವಾಗಕ್ಕಾ?"

"ಇವ್ನು ಉಟ್ಟಾಗ."

ಕೆಂಪಮ್ಮ ಸ್ವಾಮಿಯ ನರೆತ ಮೀಸೆಯನ್ನು ಒಮ್ಮೆ ನೋಡಿದಳು. "ಬಿರ್ರನೆ ಸುದ್ದಿ ಕೊಟ್ಟೆ ಬುಡು" ಎಂದಳು. ನಕ್ಕಳು ಅಂದುಕೊಂಡಿರಾ? ಇಲ್ಲ. ಮತ್ತೆ ಕೂತು, ನನ್ನ ತಲೆಯನ್ನು ತನ್ನ ಹೆಗಲಿಗೆ ಎಳೆದುಕೊಂಡಳು. ಆ ಎಸರಿನ ನೀರನ್ನು ಕಲಗಚ್ಚಿಗೆ ಸುರಿದೆ ಎಂದು ಆಮೇಲೆ ತಿಂಗಳಗಟ್ಟಲೆ ಹಂಗಿಸಿದ್ದು ಬೇರೆ ವಿಷಯ.

ಸ್ವಾಮಿ ಹೊರಗೆ ಹೋಗಿ ಮುಖ ತೊಳೆದುಕೊಂಡು ಬಂದು ಮಗಳನ್ನು ಕೇಳಿದ: "ಮುಗೀತಾ?"

"ಮುಗೀತು ಕಣಪ್ಪ."

"ನಾ ಕೂಗಿದ್ದು ಅದ್ರಲ್ಲಿ ಇರ್ಕೂಡ್ದು. ತಗುದಾಕು."

"ಆಯ್ತು ಕಣಪ್ಪ" ಎಂದಳು ಮುದ್ದಾಗಿ. ಅಷ್ಟು ಮುದ್ದಾಗಿ ಅವಳು ಒಪ್ಪಿದಾಗಲೇ ಅವನಿಗೆ ಅನುಮಾನ ಬರಬೇಕಿತ್ತು.

ಮಾರನೆಯ ದಿನ ಸೊಪ್ಪು ಮುರಿದರು. ಬೇಯಿಸಲು ಬ್ಯಾರನ್ನಿಗೆ ಬೆಂಕಿ ಹಾಕಿದರು. ಹುಡುಗರು ಕಂಪ್ಯೂಟರು ಹೊತ್ತುಕೊಂಡು ಮೈಸೂರಿಗೆ ಹೋದರು. ಹಿಮ ಬೀಳುವ ಯಾವುದೋ ದೇಶದ ಕಂಪನಿಯವರು ಕೇಳಿ, ಇದನ್ನು ನಾವೇ ತರುತ್ತೇವೆ ಎಂದರಂತೆ. ಹಿಮದ ಹಾಡು ಬೇಕಾದಷ್ಟು ಬರುತ್ತವೆ, ಹಿಮವೂ ನಮ್ಮಲ್ಲಿ ಬೇಕಾದಷ್ಟಿದೆ, ಕೊನೆಯಲ್ಲಿ ಅಳುವ ಆ ಹೆಂಗಸು ಯಾರು ಎಂದು ಕೇಳಿದರಂತೆ. ನಮ್ಮ ಹುಡುಗಿ ಹೇಳಿದಳಂತೆ: "ಅವಳು ನಡ್ಕೊಂಡು ಹೊರಟಿದ್ದ ಮಗಳು. ಈಗ ತಲುಪಿದಾಳೆ." ಈ ಮಾತನ್ನು ಅವಳು ನನಗೆ ಹೇಳಿದಾಗ ನಾನು ಎಮ್ಮೆ ನೋಡುವ ನೆಪದಲ್ಲಿ ಹಿತ್ತಲಿಗೆ ಹೋಗಿದ್ದೆ.

ಇವತ್ತು ಸಂಜೆಗೆ ಮೂವರು ಹುಡುಗರೂ ಬಂದರು. ಕೆ.ಆರ್. ನಗರಕ್ಕೆ ಕೊಟ್ಟ ಮಗಳೂ ಬಸ್ಸಿಳಿದಳು. ನಡುಮನೆಯಲ್ಲಿ ಸೀಡಿ ಹಾಕಿದರು. ಏಳು ಹಾಡು ಮುಗಿಯುವವರೆಗೆ ಜಯಮ್ಮ ಅಕ್ಕಿ ಆರಿಸಿದಳು, ಸ್ವಾಮಿ ತೂಕಡಿಸಿದ. ಎಂಟನೆಯದು ಶುರುವಾಗಿ ನನ್ನ ದನಿ ಎದ್ದಿತು. ಸೊಸೆ ಒಲೆ ಹಚ್ಚಲು ಏಳುವಷ್ಟರಲ್ಲಿ ಹೊರಗಿನಿಂದ ಕೆಂಪಮ್ಮನ ಗದರಿಕೆ.

"ಒಲೆ ಅಚ್ಬೇಡ ಕಣೇ ಜಯಾ! ಅಳು ಕೇಳ್ತಾದೆ, ಕಿವಿ ಇಲ್ವಾ ನಿಂಗೆ?"

ತಲೆಯ ಮೇಲೆ ಅದೇ ದೊಡ್ಡ ತಪ್ಪಲೆಯಲ್ಲಿ ಉಪ್ಸಾರು, ಸೊಂಟದಲ್ಲಿ ಬಿಸಿ ಮುದ್ದೆಯ ಕುಕ್ಕೆ. "ಅವತ್ತು ತರ್ಬೇಕಿದ್ದು. ತಣ್ಣಗಾಗೋಕ್ ಮುಂಚೆ ಉಣ್ಣಿ" ಎಂದು ನಡುಮನೆಯಲ್ಲಿ ಕುಕ್ಕಿದಳು.

ಸಾವಿನ ಮನೆಗೆ ಬಂದ ಊಟ ಬೇಡ ಅನ್ನುವ ಹಾಗಿಲ್ಲ. ಸಾಲಾಗಿ ಕೂತೆವು. ತೆನ್ಜಿನ್ ಕೂದಲು ಕಟ್ಟಿಕೊಂಡು ಮುದ್ದೆ ಮುರಿದ. ಬೋಪಣ್ಣ ಖಾರಕ್ಕೆ ಗುಟುರು ಹಾಕಿದ. ಕೆಂಪಮ್ಮನನ್ನೂ ಎಳೆದು ಕೂರಿಸಿದೆ. ಡಬ್ಬದೊಳಗೆ ಅವಳು ಎದೆ ಬಡಿದುಕೊಳ್ಳುವುದು ಬಂದಾಗ, "ನೋಡಕ್ಕ, ನಿನ್ಗಿಂತ ನಾನೇ ಚೆಂದಾಗಿ ಅತ್ತಿವ್ನಿ" ಎಂದಳು. ಅವ್ವ ಸತ್ತಾಗ ನನ್ನ ಮುಂದೆ ಯಾರೂ ಇಡದ ಊಟ ಅದು. ತುತ್ತು ದಪ್ಪಗಿತ್ತು, ನಿಧಾನಕ್ಕೆ ನುಂಗಿದೆ.

ಆಗ ಬಂತು ನೋಡಿ, ಬೆಟ್ಟದ ಹಿಂದಿನಿಂದ ಬಂದ ಹಾಗೆ, "ಅವ್ವಾ... ಅವ್ವಾ..."

ಸ್ವಾಮಿಯ ಕೈ ತಟ್ಟೆಯಲ್ಲೇ ನಿಂತಿತು. ಶೋಭಾ ಸಾರಿನೊಳಗೆ ಏನೋ ಹುಡುಕುತ್ತಿದ್ದಳು. ಕಡೆಗೆ ಅವನು, "ಅದು ನನ್ನ ದನಿ ಅಲ್ಲ" ಎಂದ. ಹಾಡು ಮುಗಿಯಿತು. ಅವನು ಇನ್ನೊಂದು ಮುದ್ದೆ ಹಾಕಿಸಿಕೊಂಡ, ತಲೆ ಎತ್ತದೆ ಮಗಳಿಗೆ ಹೇಳಿದ:

"ಆ ಕಡೇದ್ನ ಇನ್ನೊಂದ್ಸಲಿ ಆಕವ್ವ."

ಅವಳು ಎಡಗೈಯಲ್ಲಿ ಒತ್ತಿದಳು. ನಾನು ಮತ್ತೆ ಅತ್ತೆ, ಕೆಂಪಮ್ಮ ಮತ್ತೆ ಬಂದಳು, ನನ್ನ ಮಗ ಹೊಲದಿಂದ ಮತ್ತೆ ಓಡಿ ಬಂದು ಅವ್ವಾ ಎಂದು ಕೂಗಿದ.

"ಏನ್ಲಾ? ಇಲ್ಲೇ ಇವ್ನಿ" ಎಂದೆ. "ಮುದ್ದೆ ತಿನ್ನ್‌ಲಾ."